ಒಂದು ಭುಜಕ್ಕೆ ಹತ್ತು ಲಕ್ಷ

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದ ಸಮಯ. ಬೀಜಾಡಿಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಬಂದು ಕೂತ ಭಾವ ಕಿಸೆಯಿಂದ ವಿಮೆಯ ಕಾಗದ ತೆಗೆದು ಚಾಪೆಯ ಮೇಲೆ ಹಾಕಿದರು. ಅವರದು ಮೀನಿನ ಟೆಂಪೊ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ತುಂಬಿಸಿಕೊಂಡು ಕೋಟೇಶ್ವರ, ಹಾಲಾಡಿ, ಶಂಕರನಾರಾಯಣದ ಕಡೆಗೆ ಓಡುತ್ತದೆ. ನಾನು ಕುಂದಾಪುರದ ವಕೀಲರೊಬ್ಬರ ಕಚೇರಿಯಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿದ್ದವನು. ಹೊತ್ತದ್ದೆಲ್ಲ ಹೆಚ್ಚಾಗಿ ಅಪಘಾತ ಪರಿಹಾರದ ಕಡತಗಳೇ. ಅಂದು ನಮ್ಮ ನಡುವೆ ನಡೆದ ಮಾತನ್ನು ಇಲ್ಲಿ ಇಟ್ಟಿದ್ದೇನೆ.

— ಕಾಣು ಮಾರಾಯ, ಥರ್ಡ್ ಪಾರ್ಟಿ ಒಂದಕ್ಕೇ 16,049 ರೂಪಾಯಿ. ಅದರ ಮೇಲೆ ಜಿಎಸ್‌ಟಿ. ಟೆಂಪೊಗೆ ಎಂತಾದ್ರೂ ಆದ್ರೆ ಅಂತ ಕಟ್ಟೂದು ಬೇರೆ. ಇಷ್ಟು ವರ್ಷದಲ್ಲಿ ಒಬ್ಬರಿಗೆ ಒಂದು ಗೀರು ಮಾಡಿದವ ಅಲ್ಲ ನಾನು.

— ಅದು ಕಂಪನಿಯವರು ಹಾಕಿದ ದರ ಅಲ್ಲ ಭಾವ. 7,500 ಕಿಲೋ ಒಳಗಿನ ಸರಕು ಗಾಡಿಗೆ 2022ರ ಜೂನ್ 1ರಿಂದ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು. ಯಾವ ಕಂಪನಿಗೆ ಹೋದರೂ ಅಷ್ಟೇ. ನನ್ನ ಸ್ಕೂಟರಿಗೆ 714.

— ಯಾರು ಹಾಕಿದ್ರೇನು, ಕಿಸೆ ನಂದಲ್ದಾ? ಇದು ಏರೂದು ಎಂತಕ್ಕೆ ಅಂತ ನಂಗೆ ಗೊತ್ತಿತ್ತು. ಕೋರ್ಟಲ್ಲಿ ಕೊಡೂದೆಲ್ಲ ಲಕ್ಷದ ಲೆಕ್ಕದಲ್ಲಿ. ನಿಮ್ಮ ಮನೆಗೆ ಬುಟ್ಟಿಯಲ್ಲಿ ಮೀನು ತರ್ತಿದ್ದ ಮೀನಿನಕ್ಕನ್ನೇ ಕಾಣು, ಹೆದ್ದಾರಿ ದಾಟುವಾಗ ಕಾರು ತಾಗಿದವರು. ಒಂದು ಭುಜಕ್ಕೆ ಹತ್ತು ಲಕ್ಷ ಅಂಬ್ರು. ಕೈ ಹೋಗಲಿಲ್ಲೆ, ಕಾಲು ಹೋಗಲಿಲ್ಲೆ. ನಿನ್ನೆ ಕಂಡೆ, ಚಾದ ಲೋಟ ಹಿಡ್ಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ರು.

— ಲೋಟ ಹಿಡಿದದ್ದನ್ನು ಕಂಡಿರಿ. ಆ ಕೈ ಎಷ್ಟು ಮೇಲೆ ಹೋಗುತ್ತದೆ ಅಂತ ಕಂಡಿದ್ದೀರಾ?

— ಅದನ್ನು ನಾನ್ಯಾಕೆ ಕಾಣಲಿ?

— ನಾನು ಕಂಡಿದ್ದೇನೆ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದವನು ನಾನೇ. ವೈದ್ಯರ ಹತ್ತಿರ ಕೋನ ಅಳೆಯುವ ಸಾಧನ ಇರುತ್ತದೆ, ಎರಡು ಪಟ್ಟಿ ಸೇರಿಸಿ ನಡುವೆ ಒಂದು ಮೊಳೆ ಹೊಡೆದ ಹಾಗೆ. ಅದನ್ನು ಭುಜಕ್ಕೆ ಹಿಡಿದು ಕೈ ಎತ್ತಿ ಅಂದರು. ಕಿವಿಗೆ ತಾಗಬೇಕಾದ ಕೈ ಎದೆಯ ಮಟ್ಟದಲ್ಲಿ ನಿಂತಿತು. ಅಕ್ಕ ತುಟಿ ಕಚ್ಚಿ ಸೊಂಟ ವಾಲಿಸಿ ಇನ್ನೂ ನಾಲ್ಕು ಬೆರಳಷ್ಟು ಮೇಲೆ ತಂದರು. ಆಗದು ಅಂತ ತೋರಿಸಿಕೊಳ್ಳಲು ಅವರಿಗೆ ನಾಚಿಕೆ. ವೈದ್ಯರು ಸೊಂಟ ನೇರ ಮಾಡಿಸಿ ಮತ್ತೆ ಅಳೆದರು. ಆ ಕೈಗೆ ಶೇಕಡಾ 36 ಅಂತ ಬರೆದರು.

— ಮೂವತ್ತಾರು ಕಡಿಮೆಯಾ?

— ಕೈಗೆ 36. ನಮ್ಮ ನ್ಯಾಯಮಂಡಳಿಗಳಲ್ಲಿ ಮೊದಲಿನಿಂದ ಬಂದ ರೂಢಿ ಒಂದಿದೆ. ಒಂದು ಅಂಗದ ವೈಕಲ್ಯವನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಇಷ್ಟು ಅನ್ನುವುದು. ಹಾಗೆ 36 ಹೋಗಿ 12 ಆಯಿತು. ಈಗ ಹೇಳಿ, ಮೀನಿನ ಬುಟ್ಟಿ ತಲೆಗೇರಿಸುವುದು ಒಂದು ಕೈಯ ಕೆಲಸವಾ?

ಭಾವ ಉತ್ತರ ಕೊಡಲಿಲ್ಲ. ಒಳಗೆ ಒಲೆಯ ಹತ್ತಿರ ಇದ್ದ ಅಮ್ಮ ಉತ್ತರ ಕೊಟ್ಟರು.

— ಬುಟ್ಟಿ ಇಳಿಸೂದಕ್ಕೆ ನಾನೇ ಕೈ ಕೊಡ್ತಿದ್ದೆ. ನೀರು ಸೋರುವ ಬುಟ್ಟಿ, ಅಡಿಗೆ ಸಿಂಬಿ. ಅವಳು ಇಲ್ಲಿಂದ ಎದ್ದು ಹೋಗುವಾಗ ಎರಡೂ ಕೈ ಮೇಲೆತ್ತಿ ಒಂದು ಸಲ ಅದನ್ನು ಸಮ ಮಾಡಿಕೊಳ್ಳೂದು. ಆ ಕೈ ಏಳದಿದ್ರೆ ಬುಟ್ಟಿ ತಲೆಗೆ ಕೂರೂದಿಲ್ಲೆ.

— ಕೇಳಿದಿರಲ್ಲ. ಕಚೇರಿಯಲ್ಲಿ ಕೂತು ಬರೆಯುವವನಿಗೆ ಅದೇ ಭುಜ ಹಾಗೇ ಆದರೆ ಸಂಬಳ ನಿಲ್ಲುವುದಿಲ್ಲ. ತಲೆಹೊರೆ ಹೊರುವವರಿಗೆ ಅಲ್ಲಿಗೆ ಕಸುಬು ಮುಗಿಯಿತು. ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ವೈದ್ಯರು ಬರೆದ ಶೇಕಡಾವಾರನ್ನು ಹಾಗೇ ಎತ್ತಿ ಆದಾಯದ ನಷ್ಟ ಅನ್ನಬಾರದು, ಆ ಮನುಷ್ಯ ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಅಂತ ನೋಡಬೇಕು. ಆದರೂ ಕೆಳಗೆ 12ಕ್ಕೇ ನಿಂತಿತ್ತು. ಅಪೀಲು ಹೋಗಿ ಬೆಂಗಳೂರಿನ ಹೈಕೋರ್ಟಿನಲ್ಲಿ 40 ಆಯಿತು.

— ಹಾಂಗಂತ ಹತ್ತು ಲಕ್ಷವಾ?

ಪಕ್ಕದಲ್ಲಿ ಹಳೆಯ ಪಂಚಾಂಗ ಬಿದ್ದಿತ್ತು. ಅದರ ಹಿಂದಿನ ರಟ್ಟಿನ ಮೇಲೆ ನಾನು ಲೆಕ್ಕ ಬರೆದೆ. ಭಾವನಿಗೆ ಮೀನಿನ ಲೆಕ್ಕ ಬಾಯಲ್ಲೇ ಬರುತ್ತದೆ, ಇದನ್ನು ಮಾತ್ರ ಬರೆದೇ ತೋರಿಸಬೇಕಿತ್ತು.

— ತಿಂಗಳಿಗೆ 12,000 ಆದಾಯ ಅಂತ ಹಿಡಿದರು. ವರ್ಷಕ್ಕೆ 1,44,000. ಅಕ್ಕನಿಗೆ ಆಗ 44 ವರ್ಷ. ವಯಸ್ಸಿಗೆ ಇಷ್ಟು ಗುಣಕ ಅಂತ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಒಂದು ಪಟ್ಟಿ ಇದೆ. 41ರಿಂದ 45ಕ್ಕೆ 14. ಗುಣಿಸಿದರೆ 20,16,000. ಅದರಲ್ಲಿ ಶೇಕಡಾ 12 ಅಂದರೆ 2,41,920. ಶೇಕಡಾ 40 ಅಂದರೆ 8,06,400. ಸ್ವಂತ ದುಡಿಮೆಯವರಿಗೂ ಆದಾಯ ಮುಂದೆ ಬೆಳೆಯುತ್ತಿತ್ತು ಅಂತ 40ರಿಂದ 50ರ ವಯಸ್ಸಿಗೆ ಕಾಲು ಭಾಗ ಸೇರಿಸಬೇಕು, ಅದು 2017ರ ಪ್ರಣಯ್ ಸೇಥಿ ತೀರ್ಪು. ಸೇರಿಸಿ. 10,08,000.

— ಹಾಂಗಾದ್ರೆ ಹತ್ತು ಲಕ್ಷ ಅಂಬುದು ಸರಿಯೇ.

— ಸರಿಯೇ. ಈಗ ಅದನ್ನು ಬ್ಯಾಂಕಿನಲ್ಲಿ ಇಡಿ, ಶೇಕಡಾ 6 ಬಡ್ಡಿ ಅಂದುಕೊಳ್ಳಿ. ತಿಂಗಳಿಗೆ ಎಷ್ಟು ಬಂತು?

— ಐದು ಸಾವಿರ ಚಿಲ್ಲರೆ.

— ಅಕ್ಕ ಕಳೆದುಕೊಂಡದ್ದು ಎಷ್ಟು? 12,000ದಲ್ಲಿ ಶೇಕಡಾ 40. ತಿಂಗಳಿಗೆ 4,800. ಹೆಚ್ಚು ಕಡಿಮೆ ಅದಕ್ಕೆ ಇದು ಸರಿಯಾಯಿತು. ಲಾಟರಿ ಹೊಡೆಯಿತು ಅಂತ ಊರಲ್ಲಿ ಆಡಿಕೊಳ್ಳುತ್ತಾರಲ್ಲ, ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ದುಡಿದು ತರುತ್ತಿದ್ದದ್ದನ್ನು ಈಗ ಬ್ಯಾಂಕಿನಿಂದ ತರುತ್ತಾರೆ, ಅಷ್ಟೇ. ನೋವು ಬೇರೆ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ ಅಂತಾರೆ.

ಭಾವ ರಟ್ಟನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. ಬೆರಳಿನಲ್ಲಿ 12,000ದ ಮೇಲೆ ಒತ್ತಿ ಕೇಳಿದರು.

— ಇದು ಎಲ್ಲಿಂದ ಬಂತು? ಆಷಾಢದಲ್ಲಿ ಮೀನೇ ಇರೂದಿಲ್ಲೆ. ಬಂಗುಡೆ ಬಿದ್ದ ದಿನ ಕೈ ತುಂಬ. ಇಷ್ಟೇ ಅಂತ ಹೇಳೂದು ಹ್ಯಾಂಗೆ?

— ಅದೇ ಭಾವ, ಇಡೀ ಕೇಸಿನಲ್ಲಿ ನನಗೆ ನಿದ್ದೆ ಕೆಡಿಸಿದ ಜಾಗ. ಸಂಬಳದವರು ಒಂದು ಕಾಗದ ತಂದರೆ ಆಯಿತು. ಮೀನು ಮಾರಿದ್ದಕ್ಕೆ ಕಾಗದ ಎಲ್ಲಿಂದ? ವಿಮೆ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು, ಆದಾಯಕ್ಕೆ ದಾಖಲೆ ಉಂಟಾ ಅಂತ. ಅಕ್ಕ ಹೇಳಿದ್ದು, ಬಂಗುಡೆ ತಕ್ಕೊಂಡವರು ರಸೀದಿ ಕೇಳೂದಿಲ್ಲೆ ಸ್ವಾಮಿ. ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಆಮೇಲೆ ನಾನು ಅವರ ಮನೆಗೆ ಹೋಗಿ ಟ್ರಂಕು ಹುಡುಕಿದೆ. ರೇಷನ್ ಕಾರ್ಡು, ಆನೆಗುಡ್ಡೆಯ ಸೇವೆಯ ಚೀಟಿ, ಅದರಡಿ ಸಂಘದ ಪಾಸ್‌ಬುಕ್. ವಾರ ವಾರ ಸಾಲದ ಕಂತು ಕಟ್ಟಿದ್ದು. ಮೂರು ವರ್ಷದಲ್ಲಿ ಎರಡೇ ವಾರ ತಪ್ಪಿತ್ತು. ಇಷ್ಟು ಕಂತು ಕಟ್ಟುವವರು ಇಷ್ಟಾದರೂ ದುಡಿಯಲೇಬೇಕಲ್ಲ ಅಂತ ನಮ್ಮ ವಕೀಲರು ಅದನ್ನೇ ದಾಖಲೆ ಮಾಡಿದರು. ಅಮ್ಮನೂ ಸಾಕ್ಷಿ ಹೇಳಿ ಬಂದರು.

— ಅತ್ತೆ ಕೋರ್ಟಿಗೆ ಹೋದ್ರಾ!

— ಹೋದೆ ಕಾಣಿ. ವಾರಕ್ಕೆ ನಾಲ್ಕು ದಿನ ಮೀನು, ತಿಂಗಳ ಕೊನೆಗೆ ಲೆಕ್ಕ ಅಂತ ಹೇಳಿ ಬಂದೆ. ಇದ್ದದ್ದು ಹೇಳೂಕೆ ಎಂತ ಹೆದರಿಕೆ?

— ಕರ್ನಾಟಕದ್ದೇ ಇನ್ನೊಂದು ಪ್ರಕರಣ ಇತ್ತು ಭಾವ. ತರಕಾರಿ ಮಾರುವವನೊಬ್ಬ 2008ರ ಅಪಘಾತದಲ್ಲಿ ಕಾಲು ಕಳೆದುಕೊಂಡ. ಅವನ ಕಸುಬಿನವರು ಆದಾಯಕ್ಕೆ ಕಾಗದ ತರಬೇಕು ಅಂತ ಕೇಳುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ ತಿಂಗಳಿಗೆ 6,500 ಹಿಡಿಯಿತು. ಆ ತೀರ್ಪು ಇಲ್ಲದೆ ಹೋಗಿದ್ದರೆ ನಮ್ಮ ಪಾಸ್‌ಬುಕ್ಕಿಗೆ ಅಷ್ಟು ಬಲ ಬರುತ್ತಿರಲಿಲ್ಲ. ಮನೆವಾರ್ತೆಯ ಹೆಂಗಸರ ಕೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕು ಅಂತ 2021ರಲ್ಲಿ ಇನ್ನೊಂದು ತೀರ್ಪು ಬಂತು. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದದ್ದು ಇದು.

ಅಮ್ಮ ಚಾ ತಂದಿಟ್ಟರು. ಭಾವ ಸೋಲುವ ಜನ ಅಲ್ಲ. ಒಂದು ಗುಟುಕು ಕುಡಿದು ಬೇರೆ ದಾರಿ ಹಿಡಿದರು.

— ನೀ ಹೇಳಿದ ಮೆಟ್ಟಿಲು ಹತ್ತಿದ ಹಾಂಗೆ ನನ್ನ ಪ್ರೀಮಿಯಮ್ಮೂ ಹತ್ತಿತು. ಅದು ಸುಳ್ಳಾ?

— ಸುಳ್ಳಲ್ಲ. ಪರಿಹಾರ ಏರಿದರೆ ಪ್ರೀಮಿಯಂ ಏರಲೇಬೇಕು, ಹಣ ಬರುವುದು ನಿಮ್ಮಂಥವರ ಕಿಸೆಯಿಂದಲೇ. 2017ರಲ್ಲಿ ದಕ್ಷಿಣದ ಲಾರಿ ಮಾಲೀಕರು ಇದಕ್ಕೇ ಮುಷ್ಕರ ಹೂಡಿದ್ದು ನಿಮಗೇ ನೆನಪಿದೆ. ಅವರ ಕಷ್ಟವನ್ನು ನಾನು ಸಣ್ಣದು ಅನ್ನುವುದಿಲ್ಲ.

— ಹಾಂಗಾದ್ರೆ ಒಂದು ಗಡಿ ಹಾಕ್ಲಿ. ಎಷ್ಟೇ ದೊಡ್ಡ ಕೇಸಾದ್ರೂ ವಿಮೆಯವರು ಕೊಡೂದು ಇಷ್ಟೇ ಅಂತ. ಪ್ರೀಮಿಯಂ ಇಳೀತ್ತು.

— ಹಾಕಲು ಹೊರಟಿದ್ದರು. 2016ರಲ್ಲಿ ತಂದ ತಿದ್ದುಪಡಿ ಮಸೂದೆಯಲ್ಲಿ ವಿಮೆ ಕಂಪನಿಯ ಹೊಣೆ ಸಾವಿಗೆ 10 ಲಕ್ಷ, ತೀವ್ರ ಗಾಯಕ್ಕೆ 5 ಲಕ್ಷ ಅಂತ ಇತ್ತು. 2019ರಲ್ಲಿ ಕಾಯ್ದೆ ಆಗುವ ಹೊತ್ತಿಗೆ ಅದನ್ನು ಕೈಬಿಟ್ಟರು. ಕೈಬಿಟ್ಟದ್ದು ನಿಮ್ಮ ಪುಣ್ಯ ಭಾವ.

— ನನ್ನ ಪುಣ್ಯವಾ? ಹ್ಯಾಂಗೆ?

— ದೇವರು ಹಾಗೆ ಮಾಡದಿರಲಿ, ನಿಮ್ಮ ಟೆಂಪೊಗೆ ಒಬ್ಬ ಬೈಕಿನ ಹುಡುಗ ಸಿಕ್ಕಿದ ಅನ್ನಿ. ಮೂವತ್ತು ವರ್ಷ, ಬೆಂಗಳೂರಲ್ಲಿ ಒಳ್ಳೆಯ ಕೆಲಸ, ಹಬ್ಬಕ್ಕೆ ಊರಿಗೆ ಬಂದವ. ಅವನ ವಯಸ್ಸಿಗೆ ಗುಣಕ 17. ಕೋರ್ಟು 60 ಲಕ್ಷ ಅಂದಿತು. ಗಡಿ ಹಾಕಿದ್ದರೆ ಕಂಪನಿ 10 ಕಟ್ಟಿ ಎದ್ದು ಹೋಗುತ್ತಿತ್ತು. ಉಳಿದ 50 ಯಾರದು?

ಭಾವ ಚಾದ ಲೋಟ ಕೆಳಗಿಟ್ಟರು.

— ಟೆಂಪೊ ಮಾರಬೇಕು, ತೆಂಗಿನ ತೋಟ ಮಾರಬೇಕು, ಆಮೇಲೆ ಮನೆ. ಉತ್ಪ್ರೇಕ್ಷೆ ಅಂತ ತಿಳಿಯಬೇಡಿ. ವಿಮೆ ನವೀಕರಿಸದೆ ಬಿಟ್ಟ ಬೈಕಿನ ಮಾಲೀಕರೊಬ್ಬರ ಕೇಸು ನಮ್ಮ ಕಚೇರಿಗೆ ಬಂದಿತ್ತು. ಓಡಿಸಿದ್ದು ಮಗ, ಗಾಡಿ ಅಪ್ಪನ ಹೆಸರಲ್ಲಿ. ಬಿದ್ದವರಿಗೆ ಕೊಡಬೇಕಾದ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಲು ಕಾಯ್ದೆಯಲ್ಲೇ ದಾರಿ ಇದೆ. ನೋಟಿಸು ಹಿಡಿದು ಬಂದ ಆ ಅಪ್ಪ ಮೆಟ್ಟಿಲ ಮೇಲೆ ಕೂತವರು ಎದ್ದೇಳಲು ಅರ್ಧ ಗಂಟೆ ಹಿಡಿಯಿತು. ಆ ಬೈಕಿಗೆ ವರ್ಷಕ್ಕೆ ಕಟ್ಟಬೇಕಾಗಿದ್ದದ್ದು ಸಾವಿರ ರೂಪಾಯಿಯೂ ಅಲ್ಲ. ನಿಮ್ಮ 16,049 ಯಾರಿಗೋ ಕೊಡುವ ದಾನ ಅಂತ ಅಂದುಕೊಂಡಿದ್ದೀರಿ. ಅದು ನಿಮ್ಮ ಮನೆಯ ಮಾಡಿಗೆ ಹಾಕಿದ ಹೆಂಚು.

— ಅದು ಒಪ್ಪಿದೆ. ಆದ್ರೆ ಕಟ್ಟದೆ ಓಡಾಡುವವರು ಎಷ್ಟಿಲ್ಲೆ? ಸುಳ್ಳು ಕೇಸು ಹಾಕೂವವರು ಎಷ್ಟಿಲ್ಲೆ? ತೆಂಗಿನ ಮರದಿಂದ ಬಿದ್ದವರೂ ಬೈಕು ತಾಗಿತು ಅಂತ ಬರೆಸ್ತ್ರು. ಅವರಿಗೆಲ್ಲ ನಾನು ಕಟ್ಟೂದಾ?

— ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಓಡಾಡುವ ಗಾಡಿಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ವಿಮೆಯೇ ಇಲ್ಲ ಅಂತ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯೇ ಹೇಳಿದೆ. ಹೊಸ ಬೈಕಿಗೆ ಒಟ್ಟಿಗೆ ಐದು ವರ್ಷದ್ದು, ಕಾರಿಗೆ ಮೂರು ವರ್ಷದ್ದು ತೆಗೆಸಬೇಕು ಅಂತ 2018ರಲ್ಲಿ ನಿಯಮ ಬಂದದ್ದೇ ಅದಕ್ಕೆ. ಸುಳ್ಳು ಕೇಸು ನಾನೂ ಕಂಡಿದ್ದೇನೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಮರದಿಂದ ಬಿದ್ದದ್ದು ಅಂತ ಇತ್ತು, ದೂರಿನಲ್ಲಿ ಬೈಕು. ಕಡತ ವಾಪಸು ಕೊಟ್ಟೆವು. ಅವರು ಬೇರೆ ಕಡೆಗೆ ಹೋದರು. ಅಂಥವರಿಂದ ನಿಮಗಿಂತ ಹೆಚ್ಚು ನಷ್ಟ ಆದದ್ದು ಮೀನಿನಕ್ಕನಿಗೆ. ನಿಜವಾದ ನೋವನ್ನೂ ಸಂಶಯದಿಂದ ನೋಡುವ ಹಾಗಾಯಿತು. ನಾಲ್ಕು ಬೆರಳು ಮೇಲೆ ಎತ್ತಲು ಹೋದ ಹೆಂಗಸಿಗೆ ಬೇಕೆಂದೇ ಎತ್ತುವುದಿಲ್ಲ ಅಂತ ಹೇಳಿದರು.

— ಹಾಂಗೆ ಹೇಳಿದ್ರಾ?

— ಹೇಳಿದರು. ಅದಿರಲಿ. ಪ್ರೀಮಿಯಂ ಏರುವುದಕ್ಕೆ ನೀವು ಒಂದೇ ಕಾರಣ ಹೇಳಿದಿರಿ, ಕೋರ್ಟು ಹೆಚ್ಚು ಕೊಡುತ್ತದೆ ಅಂತ. ಎಷ್ಟು ಜನರಿಗೆ ಕೊಡಬೇಕಾಗಿ ಬರುತ್ತದೆ ಅನ್ನುವ ಲೆಕ್ಕ ಯಾಕೆ ಕೇಳುವುದಿಲ್ಲ? 2022 ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ದಿನಕ್ಕೆ 460 ದಾಟಿತು. ಗಾಯಗೊಂಡವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ನಮ್ಮ ಹದಿನೇಳು ಅಂತಿದ್ದ ಹೆದ್ದಾರಿ ಅರವತ್ತಾರು ಆಯಿತು, ನಾಲ್ಕು ಪಥ ಆಯಿತು. ಕೋಟೇಶ್ವರದಿಂದ ಕುಂಭಾಶಿಯವರೆಗೆ ಗಾಡಿಗಳು ಹಾರಿದ ಹಾಗೆ ಹೋಗುತ್ತವೆ. ಬುಟ್ಟಿ ಹೊತ್ತವರು ದಾಟುವುದು ಹೇಗೆ? ತಲೆಯ ಮೇಲೆ ಬುಟ್ಟಿ ಇದ್ದರೆ ಕುತ್ತಿಗೆ ತಿರುಗಿಸಿ ನೋಡಲೂ ಆಗುವುದಿಲ್ಲ, ಇಡೀ ಮೈ ತಿರುಗಿಸಬೇಕು. ಅಕ್ಕ ಹಾಗೆ ತಿರುಗುವಷ್ಟರಲ್ಲಿ ಕಾರು ಬಂದಿತ್ತು. ದಾಟುವಲ್ಲಿ ಗಾಡಿಗಳು ನಿಧಾನ ಆಗುವ ಹಾಗೆ ಮಾಡಿದ್ದರೆ ಆ ಹತ್ತು ಲಕ್ಷವೂ ಉಳಿಯುತ್ತಿತ್ತು, ಭುಜವೂ ಉಳಿಯುತ್ತಿತ್ತು. ಮುಷ್ಕರ ಮಾಡುವುದಾದರೆ ಅದಕ್ಕೆ ಮಾಡಿ, ನಾನೂ ಬರುತ್ತೇನೆ.

ಕಡಲಿನ ಕಡೆಯಿಂದ ಗಾಳಿ ಎದ್ದಿತ್ತು. ಭಾವ ವಿಮೆಯ ಕಾಗದ ಮಡಿಚಿ ಕಿಸೆಗೆ ಹಾಕಲು ಹೋದರು. ನಾನು ತಡೆದೆ. ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡ ಮಾತು ಒಂದಿತ್ತು.

— ಬೆಳಿಗ್ಗೆ ಗಂಗೊಳ್ಳಿಯಿಂದ ಬರುವಾಗ ಹೆಂಗಸರನ್ನು ಹತ್ತಿಸಿಕೊಳ್ಳುತ್ತೀರಲ್ಲ, ಎಲ್ಲಿ ಕೂರಿಸುತ್ತೀರಿ?

— ಹಿಂದೆ, ಬುಟ್ಟಿ ಒಟ್ಟಿಗೆ. ದುಡ್ಡು ತಕ್ಕೊಳ್ಳೂದಿಲ್ಲೆ. ಬಸ್ಸಿನವರು ಮೀನಿನ ಬುಟ್ಟಿ ಕಂಡ್ರೆ ನಿಲ್ಸೂದಿಲ್ಲೆ, ಪಾಪ.

— ನಿಮ್ಮ ಮನಸ್ಸು ದೊಡ್ಡದು. ಈ ಕಾಗದ ಅಷ್ಟು ದೊಡ್ಡದಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮೆ ಇಲ್ಲ, 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಇರುವುದು ಸರಕಿನ ಮಾಲೀಕರಿಗೆ.

— ಬುಟ್ಟಿ ಅವರದ್ದೇ. ಮೀನು ಅವರದ್ದೇ. ಅವರೇ ಮಾಲೀಕರು!

— ಹೌದು, ಬುಟ್ಟಿ ತುಂಬಿರುವಾಗ ಅವರು ಮಾಲೀಕರು. ಆದರೆ ಕೂರಬೇಕಾದ್ದು ಮುಂದೆ, ಕ್ಯಾಬಿನ್ನಿನಲ್ಲಿ. ಹಿಂದೆ ಮೀನಿನ ಜೊತೆ ಕೂತರೆ ಕಂಪನಿ ಕೈ ಎತ್ತುತ್ತದೆ, 2007ರ ತೀರ್ಪಿನ ಬೆಂಬಲ ಅದಕ್ಕೆ ಇದೆ. ಮಧ್ಯಾಹ್ನ ಮಾರಿ ಮುಗಿಸಿ ಖಾಲಿ ಬುಟ್ಟಿ ಹಿಡಿದು ನಿಮ್ಮದೇ ಟೆಂಪೊ ಹತ್ತುತ್ತಾರಲ್ಲ, ಆಗ ಸರಕು ಎಲ್ಲಿದೆ ಅಂತ ಕೇಳುತ್ತಾರೆ. ಅವರಲ್ಲಿ ಒಬ್ಬರಿಗೆ ಏನಾದರೂ ಆದರೆ ಅವರಿಗೂ ಸಿಗುವುದಿಲ್ಲ, ನಿಮಗೂ ಉಳಿಯುವುದಿಲ್ಲ.

ಭಾವ ಬಹಳ ಹೊತ್ತು ಅಂಗಳದ ಕಡೆಗೆ ನೋಡಿದರು. ಟೆಂಪೊ ತೆಂಗಿನ ಮರದ ಬುಡದಲ್ಲಿ ನಿಂತಿತ್ತು. ಹಿಂದಿನ ಬಾಗಿಲಿನಿಂದ ಇನ್ನೂ ಮಂಜುಗಡ್ಡೆಯ ನೀರು ತೊಟ್ಟಿಕ್ಕುತ್ತಿತ್ತು.

— ಕ್ಯಾಬಿನ್ನಲ್ಲಿ ನನ್ನ ಬದಿಗೆ ಎಷ್ಟು ಜನಕ್ಕೆ ಜಾಗ ಬರೆದಿತ್ತು, ಕಾಣು.

ಆರ್‌ಸಿ ಪುಸ್ತಕ ತೆರೆದು ನೋಡಿದೆ.

— ಇಬ್ಬರು.

— ನಾಳೆ ಬೆಳಿಗ್ಗೆ ಬಂದರಿನ ಗೇಟಲ್ಲಿ ನಿಲ್ಲೂದು ಐದು ಜನ. ಐದೂ ಜನ ಬುಟ್ಟಿಯವರು. ಯಾವ ಇಬ್ಬರನ್ನ ಕರೀಲಿ?